‘ತಿಂಡಿಪೋತ’ ಬೈಗುಳವೋ ಪ್ರೀತಿಯ ಮಾತೋ? ‘ಫುಡೀ’ಗೆ ಕನ್ನಡದಲ್ಲಿ ಏನನ್ನೋಣ?

ಮಾವಿನತೋಪು:
ನಮ್ಮ ಬಡಾವಣೆಯ ಆಹಾರ ಮೇಳಕ್ಕೆ ಕರಪತ್ರ ಸಿದ್ಧವಾಗ್ತಿದೆ. ಮೊದಲ ಕರಡಿನಲ್ಲಿ ‘ಎಲ್ಲ ಫುಡೀಸ್‌ಗಳಿಗೂ ಸ್ವಾಗತ’ ಅಂತಿತ್ತು. ಕನ್ನಡದಲ್ಲೇ ಇರಲಿ ಅಂತ ‘ಎಲ್ಲ ತಿಂಡಿಪೋತರಿಗೂ ಸ್ವಾಗತ’ ಅಂತ ಬದಲಾಯಿಸಿದ್ವಿ. ಅದು ಬೈದ ಹಾಗಾಗುತ್ತೆ ಅಂತ ಸಮಿತಿಯಲ್ಲಿ ಅರ್ಧ ಜನ, ಏನೂ ಆಗಲ್ಲ ಅಂತ ಇನ್ನರ್ಧ ಜನ.
ಪದ ಬೇಕಾಗಿರೋದು ಮೂರು ಕಡೆ. ಒಂದು, ಕರಪತ್ರದ ಶೀರ್ಷಿಕೆ. ಎರಡು, ಒಳಗಿನ ವಿವರಣೆ. ಮೂರು, ಒಂದು ಬಹುಮಾನ ಪತ್ರ. ಕಣ್ಣು ಕಟ್ಟಿಕೊಂಡು ಸಾರಿನ ರುಚಿ ನೋಡಿ ಅದರಲ್ಲಿ ಏನೇನು ಬಿದ್ದಿದೆ ಅಂತ ಹೇಳೋ ಸ್ಪರ್ಧೆ ಇದೆ, ಗೆದ್ದವರಿಗೆ ಕೊಡೋ ಬಿರುದು ಏನಿರಬೇಕು? ತಿಳಿದವರು ಹೇಳಿ.

ಸವಿನುಡಿ:
ಮೂರು ಕಡೆಗೂ ಒಂದೇ ಪದ ಹುಡುಕಬೇಡಿ, ಸಿಗಲ್ಲ. ಕನ್ನಡದಲ್ಲಿ ತಿನ್ನೋವರಿಗೆ ಇರೋ ಪದಗಳು ಒಂದೊಂದೂ ಬೇರೆ ಬೇರೆ ಗುಣವನ್ನ ಹೇಳ್ತವೆ.
ಹೊಟ್ಟೆಬಾಕ ಅನ್ನೋದು ಪ್ರಮಾಣದ ಮಾತು. ಎಷ್ಟು ಬಡಿಸಿದರೂ ಸಾಲದವನು. ರುಚಿ ಇದೆಯೋ ಇಲ್ಲವೋ ಅನ್ನೋದು ಅವನಿಗೆ ಲೆಕ್ಕಕ್ಕಿಲ್ಲ. ಕೂಳುಬಾಕ ಅಂದರೂ ಅದೇ, ಆದರೆ ತಿರಸ್ಕಾರ ಜಾಸ್ತಿ. ಹಿಂದೆ ಕೂಳು ಅಂದರೆ ಬರೀ ಅನ್ನ, ಊಟ. ಈಗ ‘ಕೂಳಿಗೆ ದಂಡ, ಭೂಮಿಗೆ ಭಾರ’ ಅನ್ನೋ ದನಿ ಅದಕ್ಕೆ ಅಂಟಿಕೊಂಡಿದೆ.
ಬಾಯಿಚಪಲ, ನಾಲಿಗೆಚಪಲ ಅನ್ನೋದು ತಡೆಯಲಾಗದವರ ಮಾತು. ಸಕ್ಕರೆ ಕಾಯಿಲೆ ಇದ್ದೂ ಜಿಲೇಬಿ ಕಂಡರೆ ಕೈ ಹೋಗುತ್ತಲ್ಲ, ಅದು. ಉಂಡಾಡಿ ಅನ್ನೋದು ಊಟದ ಪದವೇ ಅಲ್ಲ, ಉಂಡು ಕೆಲಸವಿಲ್ಲದೆ ಅಡ್ಡಾಡೋ ಸೋಮಾರಿತನದ ಪದ. ಎಷ್ಟೋ ಕಡೆ ಇದನ್ನ ಊಟ ಇಷ್ಟಪಡೋವರು ಅನ್ನೋ ಅರ್ಥದಲ್ಲಿ ಬಳಸ್ತಿರೋದು ನೋಡಿದೀನಿ. ಅದು ತಪ್ಪು.
ತಿಂಡಿಪೋತ ಇವೆಲ್ಲದರ ನಡುವೆ ಇದೆ. ಪದೇ ಪದೇ ತಿನ್ನೋ ಆಸೆ, ಮನೆಯ ಡಬ್ಬಿಗಳ ಮೇಲೆಲ್ಲ ಕಣ್ಣು. ಪ್ರಮಾಣಕ್ಕಿಂತ ಆಸೆಯ ಕಡೆ ತೂಕ ಜಾಸ್ತಿ.
ಬೇಕಾದರೆ ಒಂದು ವಾಕ್ಯ ಇಟ್ಟು ನೋಡಿ: ‘ಅವನು ___, ಅದಕ್ಕೇ ಎರಡೇ ಇಡ್ಲಿ ತಿಂದು ಎದ್ದ.’ ಹೊಟ್ಟೆಬಾಕ ಹಾಕಿದರೆ ವಾಕ್ಯ ಮುರಿದೇ ಹೋಗುತ್ತೆ. ತಿಂಡಿಪೋತ ಹಾಕಿದರೆ ಏನೋ ಎಡವಟ್ಟು. ‘ರುಚಿ ಬಲ್ಲವನು’ ಹಾಕಿದರೆ ಇಡ್ಲಿಯಲ್ಲೇ ಏನೋ ದೋಷ ಇತ್ತು ಅಂತ ತಕ್ಷಣ ಗೊತ್ತಾಗುತ್ತೆ. ನಿಮ್ಮ ಬಹುಮಾನ ಪತ್ರಕ್ಕೆ ಬೇಕಾಗಿರೋದು ಈ ಕೊನೆಯದು.

ಗಿರ್ಮಿಟ್ಟು:
ನಮ್ ಕಡೆದೂ ಸ್ವಲ್ಪ ಕೇಳ್ರಿ. ಹುಬ್ಬಳ್ಳಿ-ಧಾರವಾಡದಾಗ ಮುಂಜಾನಿ ತಿನ್ನೋದಕ್ಕ ನಾಷ್ಟಾ ಅಂತಾರ. ತಿಂಡಿ ಅಂದ್ರ ತುರಿಕಿ ಅನ್ನೋ ಅರ್ಥಾನೂ ಐತಿ, ‘ಮೈ ತಿಂಡಿ ಬಿಡತೈತಿ’ ಅಂತಾರ. ಹಂಗಾಗಿ ತಿಂಡಿಪೋತ ಇಲ್ಲಿ ಪುಸ್ತಕದ ಮಾತಿನಂಗ ಕೇಳತೈತಿ, ಅರ್ಥ ಆಗತೈತಿ ಖರೆ. ಆಡುಮಾತಿನಾಗ ಹೊಟ್ಟಿಬಾಕ ಅಂತಾನ ಬರತೈತಿ, ಅದು ಚಾಷ್ಟಿಗೂ ಆತು, ಬೈಯಾಕೂ ಆತು.
ಇನ್ನೊಂದ್ ಮಾತು. ಬೆಳಗಾವಿ ಕಡೆ ಮರಾಠಿ ಮಾತಾಡೋರ ಬಾಯಾಗ ಎರಡು ಪದ ಬ್ಯಾರೆ ಬ್ಯಾರೆ ಅದಾವ. ಛಲೋ ರುಚಿ ಹುಡುಕ್ಕೊಂಡ್ ಹೋಗಿ ಉಣ್ಣಾವ ‘ಖವಯ್ಯಾ’, ಸಿಕ್ಕಿದ್ದೆಲ್ಲಾ ಮುಕ್ಕಾವ ‘ಖಾದಾಡ’. ಮೊದಲನೇದು ಹೊಗಳಿಕಿ, ಎರಡನೇದು ಬೈಗುಳ. ಕನ್ನಡದಾಗ ಖಾದಾಡನಿಗೆ ಬೇಕಾದಷ್ಟ್ ಪದ ಅದಾವ, ಖವಯ್ಯಾಗ ಒಂದೂ ಇಲ್ಲಲ್ಲ, ಯಾಕ್ರಿ?

ಪದಬೇರು:
ಗಿರ್ಮಿಟ್ಟು ಅವರು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ‘ಪೋತ’ದ ವಿಷಯ, ಏಕೆಂದರೆ ಇದರ ಬಗ್ಗೆ ತಪ್ಪು ವಿವರಣೆ ಹರಿದಾಡುತ್ತಿದೆ.
ಸಂಸ್ಕೃತದಲ್ಲಿ ಪೋತ ಎಂದರೆ ಪ್ರಾಣಿಯ ಮರಿ, ಇನ್ನೊಂದು ಅರ್ಥ ಹಡಗು. ‘ತಿಂಡಿಗೆ ಮಗುವಿನಂತೆ ಹಂಬಲಿಸುವವನು, ಆದ್ದರಿಂದ ತಿಂಡಿಪೋತ’ ಎಂದು ಬಿಡಿಸುವುದು ಕೇಳಲು ಚೆಂದ. ಆದರೆ ತಿಂಡಿ ಅಚ್ಚ ದ್ರಾವಿಡ ಪದ, ‘ತಿನ್’ ಧಾತುವಿನಿಂದ ಬಂದದ್ದು. ಅದಕ್ಕೆ ಅಂಟಿರುವ ಪೋತ ಕೂಡ ದ್ರಾವಿಡದ್ದೇ ಇರಬೇಕು ಎಂಬುದು ನನ್ನ ವಾದ. ಹಳಗನ್ನಡದಲ್ಲಿ ಪೋತ ಎಂದರೆ ಗಂಡು ಆಡು. ಅದೇ ಇಂದಿನ ಹೋತ, ಗಡ್ಡಕ್ಕೆ ‘ಹೋತದ ಗಡ್ಡ’ ಎನ್ನುತ್ತೇವಲ್ಲ, ಅದು. ತೆಲುಗಿನಲ್ಲಿ ‘ಪೋತು’ ಎಂದರೆ ಗಂಡು ಪ್ರಾಣಿ: ಮೇಕಪೋತು ಗಂಡು ಮೇಕೆ, ದುನ್ನಪೋತು ಕೋಣ. ಅಲ್ಲಿ ಈ ‘ಪೋತು’ ಮನುಷ್ಯರ ಚಟ ಹೇಳುವ ಬಾಲವೂ ಆಗಿದೆ.
ಈಗ ಮುಖ್ಯ ಸುಳಿವು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೋತ ಹೋತವಾಯಿತು. ಸಮಾಸದ ನಡುವೆ ಬಂದ ಪಕಾರ ಬಕಾರ ಆಗುವುದೂ ಉಂಟು, ಕಣ್ + ಪನಿ ಕಂಬನಿ ಆದ ಹಾಗೆ. ತಿಂಡಿಪೋತ ಕನ್ನಡದಲ್ಲೇ ಹಳೆಯ ಕಾಲಕ್ಕೆ ಹುಟ್ಟಿದ್ದರೆ ಇಂದು ತಿಂಡಿಹೋತ ಎಂದೋ ತಿಂಡಿಬೋತ ಎಂದೋ ಇರಬೇಕಿತ್ತು. ಪಕಾರ ಹಾಗೇ ನಿಂತಿದೆ. ಆದ್ದರಿಂದ ಪ-ಹ ಬದಲಾವಣೆ ಮುಗಿದ ಮೇಲೆ, ತೆಲುಗಿನ ‘ತಿಂಡಿಪೋತು’ ಕಡೆಯಿಂದ ಇದು ಬಂದಿರಬೇಕು ಎಂದು ನಾನು ತಿಳಿಯುತ್ತೇನೆ.

ಗಡಿಸೀಮೆ:
ತೆಲುಗು ಮಾತಾಡುವ ಕಡೆಯಿಂದ ಒಂದೆರಡು ಸೇರಿಸ್ತೀನಿ. ಈ ಬಾಲ ತೆಲುಗಿನಲ್ಲಿ ಇವತ್ತಿಗೂ ಜೀವಂತ: ತಾಗುಬೋತು ಅಂದ್ರೆ ಕುಡುಕ, ತಿರುಗುಬೋತು ಅಂದ್ರೆ ಊರೂರು ಅಲೆಯೋನು, ವದರುಬೋತು ಅಂದ್ರೆ ವಟವಟ ಅನ್ನೋನು, ಸೋಮರಿಪೋತು ಅಂದ್ರೆ ಸೋಮಾರಿ. ಒಂದೂ ಹೊಗಳಿಕೆ ಅಲ್ಲ ಅನ್ನೋದು ಗಮನಿಸಿ.
ಆದ್ರೆ ಎರಡು ಭಾಷೆಯಲ್ಲಿ ಪದ ಒಂದೇ ಆದ್ರೂ ಒಳಗಿನ ‘ತಿಂಡಿ’ ಬೇರೆ. ತೆಲುಗಲ್ಲಿ ತಿಂಡಿ ಅಂದ್ರೆ ಒಟ್ಟಾರೆ ಆಹಾರ, ಅನ್ನವೂ ತಿಂಡಿಯೇ. ಅದಕ್ಕೆ ಅಲ್ಲಿನ ತಿಂಡಿಪೋತು ನಮ್ಮ ಹೊಟ್ಟೆಬಾಕನಿಗೆ ಹತ್ತಿರ. ಹಳೇ ಮೈಸೂರು ಸೀಮೆಯ ಕನ್ನಡದಲ್ಲಿ ತಿಂಡಿ ಅಂದ್ರೆ ಬೆಳಗಿನ ಇಡ್ಲಿ-ದೋಸೆ, ಇಲ್ಲಾಂದ್ರೆ ಚಕ್ಕುಲಿ-ಕೋಡುಬಳೆ-ನಿಪ್ಪಟ್ಟು. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಆ ಹೆಸರು ಬಂದಿದ್ದೂ ಈ ಅರ್ಥದಲ್ಲೇ, ಅಲ್ಲಿಗೆ ಯಾರೂ ಅನ್ನ-ಸಾರು ಉಣ್ಣಕ್ಕೆ ಹೋಗಲ್ಲ. ಹಾಗಾಗಿ ಪದ ಗಡಿ ದಾಟಿ ಬಂದ ಮೇಲೆ ಮೆತ್ತಗಾಗಿದೆ. ತಟ್ಟೆಗಟ್ಟಲೆ ಅನ್ನ ಮುಗಿಸೋನಿಗೆ ಕನ್ನಡದಲ್ಲಿ ತಿಂಡಿಪೋತ ಅನ್ನಲ್ಲ. ಸಂಜೆ ನಾಲ್ಕಕ್ಕೆ ಡಬ್ಬಿ ಮುಚ್ಚಳ ತೆಗೆಯೋನಿಗೆ ಅಂತೀವಿ.

ಸವಿನುಡಿ:
ಗಡಿಸೀಮೆ ಅವರೇ, ಇದು ಬಹಳ ಸರಿ. ಉಣ್ಣು–ತಿನ್ನು ಅನ್ನೋ ಭೇದ ಇಟ್ಟುಕೊಂಡಿರೋದರಿಂದಲೇ ಕನ್ನಡದಲ್ಲಿ ಹೀಗಾಗಿದೆ. ಮುದ್ದೆ, ಅನ್ನ ಉಣ್ಣೋದು. ದೋಸೆ, ಹಣ್ಣು ತಿನ್ನೋದು. ತಿಂಡಿಪೋತ ‘ತಿನ್ನು’ ಕಡೆಯವನು.
ಇನ್ನು ಬೈಗುಳ ಹೌದೋ ಅಲ್ಲವೋ ಅನ್ನೋದು ಪದಕ್ಕಿಂತ ಹೆಚ್ಚಾಗಿ ಯಾರು ಯಾರಿಗೆ ಹೇಳ್ತಿದಾರೆ ಅನ್ನೋದರ ಮೇಲಿದೆ. ‘ನಾನೊಬ್ಬ ತಿಂಡಿಪೋತ’ – ಯಾವ ತೊಂದರೆಯೂ ಇಲ್ಲ. ಅಜ್ಜಿ ಮೊಮ್ಮಗುವಿಗೆ ‘ಬಾರೋ ತಿಂಡಿಪೋತ’ ಅಂದರೆ ಮುದ್ದು. ಅದೇ ಪದವನ್ನ ‘ನೀವು’ ಜೊತೆ, ಪರಿಚಯ ಇಲ್ಲದವರಿಗೆ, ಅದರಲ್ಲೂ ಹಿರಿಯರಿಗೆ ಹೇಳಿದರೆ ಚುಚ್ಚುತ್ತೆ. ನಿಮ್ಮ ‘ಎಲ್ಲ ತಿಂಡಿಪೋತರಿಗೂ ಸ್ವಾಗತ’ದಲ್ಲಿ ತೊಡಕು ಇರೋದು ಇಲ್ಲೇ. ಕರೆಯೋರು ಒಂದು ಕಡೆ, ತಿಂಡಿಪೋತರು ಇನ್ನೊಂದು ಕಡೆ ನಿಂತ ಹಾಗಿದೆ. ಕರೆಯೋರೂ ಆ ಗುಂಪಿಗೆ ಸೇರಿಬಿಟ್ಟರೆ ಮುಳ್ಳು ಹೋಗುತ್ತೆ.

ಕರಡು ತಿದ್ದುವವರು:
ಬರವಣಿಗೆಯ ಕಡೆಯಿಂದ ಕೆಲವು ವಿಷಯ.
‘ಫುಡೀಸ್‌ಗಳು’ ಬೇಡವೇ ಬೇಡ. ಇಂಗ್ಲಿಷಿನ ಬಹುವಚನದ ಮೇಲೆ ಕನ್ನಡದ ಬಹುವಚನ ಹತ್ತಿ ಕೂತಿದೆ. ‘ಫುಡೀಗಳು’ ಎಂದರೆ ವ್ಯಾಕರಣ ಸರಿ, ಆದರೆ ‘-ಗಳು’ ನೇರವಾಗಿ ಹತ್ತಿದಾಗ ಮನುಷ್ಯರಿಗಿಂತ ವಸ್ತುಗಳ ಹಾಗೆ ಕೇಳುತ್ತದೆ. ದೀರ್ಘ ಬಿಟ್ಟು ‘ಫುಡಿ’ ಎಂದು ಅಚ್ಚಾದರೆ ಓದುವವರು ‘ಪುಡಿ’ ಎಂದೇ ಓದುತ್ತಾರೆ. ಚಟ್ನಿಪುಡಿ ಮಾರುವ ಮಳಿಗೆಗಳಿರುವ ಮೇಳದ ಕರಪತ್ರದಲ್ಲಿ ಇದು ನಿಜವಾದ ಗೊಂದಲ.
ಸ್ತ್ರೀಲಿಂಗ ಬೇಕಾದರೆ ತಿಂಡಿಪೋತಿ ಬಳಕೆಯಲ್ಲಿದೆ. ಹೊಟ್ಟೆಬಾಕಿ ಎಂದೂ ಆಗುತ್ತದೆ, ಆದರೆ ಬರಹದಲ್ಲಿ ‘ಬಾಕಿ’ ಎಂದು ಕಂಡು ಓದುವವರು ಒಂದು ಕ್ಷಣ ಸಾಲ-ಬಾಕಿಯ ಕಡೆ ಹೋಗುತ್ತಾರೆ. ಗುಣ ಹೇಳಲು ತಿಂಡಿಪೋತತನ ಅನ್ನಬಹುದು.
ಒಂದೇ ಪದವಾಗಿ ಬರೆಯಿರಿ: ತಿಂಡಿಪೋತ. ನಡುವೆ ಜಾಗ ಬಿಟ್ಟರೆ ಸಾಲಿನ ಕೊನೆಯಲ್ಲಿ ‘ತಿಂಡಿ’ ಒಂದು ಕಡೆ, ‘ಪೋತ’ ಇನ್ನೊಂದು ಕಡೆ ಬಿದ್ದು ಅರ್ಥ ಕೆಡುತ್ತದೆ. ಆಹಾರಪ್ರಿಯ, ಭೋಜನಪ್ರಿಯ ಕೂಡ ಹಾಗೆಯೇ. ಅವುಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಎರಡು: ‘ಆ’ ಬದಲು ‘ಅ’ (ಅಹಾರ), ‘ಭೋ’ ಬದಲು ‘ಬೋ’ (ಬೋಜನ). ಫಲಕ ಬರೆಸುವಾಗ ಈ ಎರಡು ಅಕ್ಷರವನ್ನು ಬೆರಳಿಟ್ಟು ನೋಡಿ.

ಕಾಗುಣಿತ:
ಆಹಾರಪ್ರಿಯ ಎನ್ನುವುದು ಪತ್ರಿಕೆಗಳಲ್ಲಿ ಸವೆದ ಪದ. ಆಹಾರ ಇಲಾಖೆ, ಪಶು ಆಹಾರ, ಆಹಾರ ಧಾನ್ಯ – ಇಲ್ಲೆಲ್ಲ ಇರುವ ಅದೇ ‘ಆಹಾರ’. ಅದರಲ್ಲಿ ಘಮ ಇಲ್ಲ. ಭೋಜನಪ್ರಿಯ ಯಾಕಾಗಬಾರದು?

ಸಮಾಸ:
ಭೋಜನಪ್ರಿಯ ಬಳಸುವ ಮುನ್ನ ‘-ಪ್ರಿಯ’ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿಕೊಳ್ಳಿ. ಜನಪ್ರಿಯ ಎಂದರೆ ಜನರಿಗೆ ಪ್ರಿಯನಾದವನು. ಭೋಜನಪ್ರಿಯ ಎಂದರೆ ಭೋಜನಕ್ಕೆ ಪ್ರಿಯನಾದವನು ಅಲ್ಲ, ಭೋಜನವೇ ಯಾರಿಗೆ ಪ್ರಿಯವೋ ಅವನು. ಬಾಲ ಒಂದೇ, ಅರ್ಥದ ದಿಕ್ಕು ಎರಡು. ಎರಡನೆಯದು ಬಹುವ್ರೀಹಿ. ಸಂಸ್ಕೃತ ವ್ಯಾಕರಣದಲ್ಲಿ ಇಂಥ ಸಮಾಸದಲ್ಲಿ ಪ್ರಿಯ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು ಎನ್ನುವುದಕ್ಕೆ ಕೊಡುವ ಉದಾಹರಣೆಯೇ ತಿನ್ನುವವರದ್ದು: ಗುಡಪ್ರಿಯ ಅಥವಾ ಪ್ರಿಯಗುಡ, ಅಂದರೆ ಬೆಲ್ಲ ಇಷ್ಟಪಡುವವನು.
‘ತಿಂಡಿಪ್ರಿಯ’, ‘ಬಾಡೂಟಪ್ರಿಯ’ ಎಂದೂ ಬರೆಯುತ್ತಾರೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದರೆ ಅರಿಸಮಾಸ ಎಂದು ಹಳೆಯ ವ್ಯಾಕರಣ ಒಪ್ಪುವುದಿಲ್ಲ. ಆದರೆ ಮಂಡ್ಯ-ಮೈಸೂರು ಕಡೆ ಬಾಡೂಟಪ್ರಿಯರು ಎಂದರೆ ಅರ್ಥವಾಗದವರು ಯಾರೂ ಇಲ್ಲ, ನನ್ನ ಕಿವಿಗೆ ಅದು ಸಹಜವಾಗಿಯೇ ಇದೆ. ಮಾಂಸಾಹಾರಪ್ರಿಯ ಎಂದು ತಿದ್ದಿದರೆ ವ್ಯಾಕರಣ ಉಳಿಯುತ್ತದೆ, ಊಟ ಹೋಗುತ್ತದೆ.

ನೇಸರು:
ಭೋಜನಪ್ರಿಯ ಅಂದ ತಕ್ಷಣ ‘ಬ್ರಾಹ್ಮಣೋ ಭೋಜನಪ್ರಿಯಃ’ ನೆನಪಾಗೋರು ತುಂಬಾ ಜನ ಇದ್ದಾರೆ. ವಿಷ್ಣು ಅಲಂಕಾರಪ್ರಿಯ, ಶಿವ ಅಭಿಷೇಕಪ್ರಿಯ, ಸೂರ್ಯ ನಮಸ್ಕಾರಪ್ರಿಯ ಅಂತ ಹೇಳ್ತಾ ಬಂದು ಕೊನೆಗೆ ಈ ಸಾಲು ಬರುತ್ತೆ. ಒಬ್ಬ ಹಿರಿಯರ ಬಗ್ಗೆ ಅಭಿನಂದನಾ ಲೇಖನದಲ್ಲಿ ‘ಭೋಜನಪ್ರಿಯರು’ ಅಂತ ಬರೆದರೆ ಗೌರವ. ಎಲ್ಲ ಜಾತಿ-ಮತದವರೂ ಬರೋ ಮೇಳದ ಫಲಕದಲ್ಲಿ ಅದು ಒಂದು ಪಂಕ್ತಿಯ ಊಟದ ವಾಸನೆ ಕೊಡಬಹುದು. ಕರಪತ್ರದ ಒಳಗಿನ ವಿವರಣೆಗೆ ಆಹಾರಪ್ರಿಯರೇ ಇರಲಿ, ಸಪ್ಪೆ ಆದರೂ ಯಾರನ್ನೂ ಹೊರಗಿಡಲ್ಲ.

ಪದಬೇರು:
ಈಗ ಗಿರ್ಮಿಟ್ಟು ಅವರ ಪ್ರಶ್ನೆಗೆ. ಚಟ ಹೇಳುವ ಕನ್ನಡದ ಬಾಲಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿ: ಅಳುಬುರುಕ, ಬಾಯಿಬಡುಕ, ಜಗಳಗಂಟ, ಹೊಟ್ಟೆಬಾಕ, ಲಂಚಕೋರ. ಎಲ್ಲದರಲ್ಲೂ ‘ಅತಿಯಾಯಿತು’ ಎಂಬ ದೂರಿದೆ. ‘ಬಾಕ’ ಇಂದಿಗೂ ಹೊಸ ಪದ ಹೆರುತ್ತಿದೆ. ಕೊಂಡಷ್ಟೂ ಸಾಲದವರಿಗೆ ಕೊಳ್ಳುಬಾಕ, ಓದಿದಷ್ಟೂ ತಣಿಯದವರಿಗೆ ಓದುಬಾಕ. ಓದುಬಾಕ ಹೊಗಳಿಕೆಯಾಗಿರುವುದು ಓದಿಗೆ ಇರುವ ಮರ್ಯಾದೆಯಿಂದ. ಬಾಕದ ಅರ್ಥ ಅಲ್ಲೂ ತಣಿಯದ ಆಸೆಯೇ.
ಮೆಚ್ಚುಗೆ ಹೇಳುವಾಗ ಕನ್ನಡ ಬಾಲ ಹಚ್ಚಿದ ನಾಮಪದಕ್ಕಿಂತ ‘ಬಲ್ಲ’ ಎಂಬ ಮಾತಿಗೆ ಹೋಗುತ್ತದೆ. ಮಾತು ಬಲ್ಲವರು, ಊಟ ಬಲ್ಲವರು, ರುಚಿ ಬಲ್ಲವರು. ಇಲ್ಲವೇ ವಾಕ್ಯವಾಗಿ ಹೇಳುತ್ತದೆ: ‘ಅವರಿಗೆ ಊಟ ಅಂದರೆ ಪ್ರಾಣ.’ ಹಾಗಾಗಿ ಖವಯ್ಯಾಗೆ ಪದ ಇಲ್ಲ ಎನ್ನುವುದಕ್ಕಿಂತ, ಒಂಟಿ ಪದ ಇಲ್ಲ, ಮಾತು ಇದೆ ಎನ್ನಬೇಕು. ಅನುವಾದ ಮಾಡುವವರು ಒಂದು ನಾಮಪದಕ್ಕೆ ಒಂದು ನಾಮಪದವನ್ನೇ ಹುಡುಕುವುದರಿಂದ ಈ ಮಾತು ಕಣ್ಣಿಗೆ ಬೀಳುವುದಿಲ್ಲ.
‘ಫುಡೀ’ ಏನು ಅನ್ನುವುದನ್ನೂ ಸ್ವಲ್ಪ ನೋಡಬೇಕು. ಇದು ಹಳೆಯ ಪದವಲ್ಲ, 1980ರ ದಶಕದ ಆರಂಭದಲ್ಲಿ ಅಮೆರಿಕ-ಬ್ರಿಟನ್ನಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು. 1984ರಲ್ಲಿ ಆನ್ ಬಾರ್ ಮತ್ತು ಪಾಲ್ ಲೆವಿ ಎಂಬಿಬ್ಬರು ಇದರ ಹೆಸರಿನಲ್ಲೇ ಒಂದು ಕೈಪಿಡಿ ಬರೆದ ಮೇಲೆ ಗಟ್ಟಿಯಾಗಿ ನಿಂತಿತು. ಅದಕ್ಕೂ ಮೊದಲು ಅವರಲ್ಲಿ ಫ್ರೆಂಚಿನಿಂದ ಬಂದ ಎರಡು ಪದಗಳಿದ್ದವು: ರುಚಿ ಬಲ್ಲವನಿಗೆ ಗೂರ್ಮೇ, ಹೆಚ್ಚು ತಿನ್ನುವವನಿಗೆ ಗೂರ್ಮಾಂಡ್. ಗೂರ್ಮೇ ಮೊದಲಿಗೆ ದ್ರಾಕ್ಷಾರಸದ ವ್ಯಾಪಾರಿಗಳ ಬಳಿ ಕೆಲಸ ಮಾಡುತ್ತಿದ್ದವನಿಗೆ ಇದ್ದ ಹೆಸರು. ರುಚಿ ನೋಡಿ ಗುಣ ಹೇಳುವ ಕಸುಬಿನಿಂದ ಇಂದಿನ ಅರ್ಥ ಬಂದಿದೆ. ಫುಡೀ ಇವೆರಡೂ ಅಲ್ಲ. ಹೊಸ ಜಾಗ, ಹೊಸ ತಿನಿಸು ಹುಡುಕುತ್ತ ಹೋಗುವ ಹವ್ಯಾಸ ಅದು, ರುಚಿಯ ಪಾಂಡಿತ್ಯ ಇರಲೇಬೇಕೆಂದಿಲ್ಲ. ಹೀಗೆ ನೋಡಿದರೆ ಇಂದಿನ ಮೆತ್ತಗಾದ ತಿಂಡಿಪೋತ ಫುಡೀಗೆ ಸಾಕಷ್ಟು ಹತ್ತಿರ, ರುಚಿ ಬಲ್ಲವರು ಗೂರ್ಮೇಗೆ ಹತ್ತಿರ, ಹೊಟ್ಟೆಬಾಕ ಗೂರ್ಮಾಂಡ್‌ನ ಹಳೆಯ ಅರ್ಥಕ್ಕೆ ಹತ್ತಿರ.

ಕಾಗುಣಿತ:
ಹಾಗಾದರೆ ಬಹುಮಾನಕ್ಕೆ ‘ಊಟ ಬಲ್ಲವರು’ ಎಂದೇ ಕೊಡಬಹುದಲ್ಲ? ಗಾದೆಯೂ ಇದೆ, ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’

ಸವಿನುಡಿ:
ಗಾದೆ ಇರೋದಕ್ಕೇ ಬೇಡ ಅಂತೀನಿ. ಅಲ್ಲಿ ಊಟ ಬಲ್ಲವನು ಅಂದರೆ ಯಾವಾಗ, ಎಷ್ಟು, ಏನು ಉಣ್ಣಬೇಕು ಅಂತ ತಿಳಿದವನು. ಅದು ಮಿತಿಯ ಮಾತು, ಆರೋಗ್ಯದ ಮಾತು. ಸಾರಿನಲ್ಲಿ ಜೀರಿಗೆ ಕಮ್ಮಿ ಅಂತ ಹಿಡಿಯೋದು ಬೇರೆ ವಿದ್ಯೆ. ‘ಸವಿ ಬಲ್ಲವರು’ ಕೂಡ ಅರ್ಧಕ್ಕೇ ನಿಲ್ಲುತ್ತೆ, ಸವಿ ಅಂದರೆ ಇಂಪಾದದ್ದು, ಸಿಹಿ ಅನ್ನೋ ಕಡೆಗೇ ವಾಲುತ್ತೆ. ಹಾಗಲಕಾಯಿಯ ಕಹಿಯನ್ನೂ ಗುರುತು ಹಿಡಿಯಬೇಕಲ್ಲ. ‘ರುಚಿ ಬಲ್ಲವರು’ ಆರೂ ರುಚಿಗೆ ಆಗುತ್ತೆ. ಜೊತೆಗೆ ಗಂಡು-ಹೆಣ್ಣು ಅಂತ ಎರಡು ಪತ್ರ ಅಚ್ಚು ಹಾಕಿಸೋದೂ ಬೇಡ.

ಬಾಳೆಲೆ:
ಪದ ಕೊಟ್ಟರೆ ಸಾಲದು, ಆ ಪದಕ್ಕೆ ತಕ್ಕ ಮಾತು ಸ್ಪರ್ಧಿಗಳ ಬಾಯಲ್ಲಿ ಬರಬೇಕು. ‘ಸೂಪರ್’, ‘ಯಮ್ಮಿ’, ‘ಬಾಯಲ್ಲಿ ನೀರೂರುತ್ತೆ’ ಅನ್ನೋವರನ್ನ ರುಚಿ ಬಲ್ಲವರು ಅನ್ನೋದು ಹೇಗೆ? ನಮ್ಮ ಅಡಿಗೆಮನೆಗಳಲ್ಲಿ ದೋಷ ಹೇಳೋಕೆ ಎಷ್ಟು ನಿಖರವಾದ ಪದಗಳಿವೆ ನೋಡಿ. ಹಳೆಯ ಕೊಬ್ಬರಿ, ಕಡಲೆಕಾಯಿ, ಎಣ್ಣೆ ಕೆಟ್ಟರೆ ಕಮಟು. ತೇವ ಹಿಡಿದ ಅಕ್ಕಿ, ಹಿಟ್ಟು ಕೆಟ್ಟರೆ ಮುಗ್ಗು. ಬೇಯಿಸಿದ್ದು ಕೆಟ್ಟರೆ ಹಳಸಲು. ಆದರೆ ದೋಸೆಹಿಟ್ಟು ಹಳಸಲ್ಲ, ಹುಳಿ ಬರುತ್ತೆ, ಅದು ಬೇಕಾದ್ದು. ತಳ ಹಿಡಿದದ್ದು ಸೀದ ವಾಸನೆ. ಬಾಣಲೆಯಲ್ಲಿ ಮೆಣಸಿನಕಾಯಿ ಹುರಿವಾಗ ಗಂಟಲು ಹಿಡಿಯೋದು ಘಾಟು. ಎಳೆ ಬಾಳೆಕಾಯಿ ಒಗರು. ಉಪ್ಪಿಲ್ಲದ್ದು ಸಪ್ಪೆ, ಕರಾವಳಿಯಲ್ಲಾದರೆ ಚಪ್ಪೆ. ಬೆರಳಿಗೆ ಸಿಗೋ ಹದಕ್ಕೂ ಹೀಗೇ: ಚಟ್ನಿ ತರಿತರಿ ಇರಬೇಕೋ ನುಣ್ಣಗಿರಬೇಕೋ, ಅನ್ನ ಉದುರುದುರೋ ಮುದ್ದೆಮುದ್ದೆಯೋ, ದೋಸೆ ಗರಿಗರಿ, ಚಕ್ಕುಲಿ ಕುರುಕುರು.
ಆರು ರುಚಿಯನ್ನ ಹಾಳೆಯಲ್ಲಿ ಬರೆಯೋವಾಗ ಕನ್ನಡದಲ್ಲೇ ಬರೆಯಿರಿ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಸಂಸ್ಕೃತದ ಷಡ್ರಸದ ಹೆಸರು ಹಾಕಿದರೆ ಎರಡು ಕಡೆ ಮುಗ್ಗರಿಸ್ತಾರೆ. ಅಲ್ಲಿ ಕಟು ಅಂದರೆ ಖಾರ, ತಿಕ್ತ ಅಂದರೆ ಕಹಿ. ನಾವು ‘ಕಟುಸತ್ಯ’ ಅಂತ ಹೇಳಿ ಹೇಳಿ ಕಟು ಅಂದರೆ ಕಹಿ ಅಂದುಕೊಂಡಿದ್ದೀವಿ. ಹಾಗೇ ಕಷಾಯ ಅಲ್ಲಿ ಒಗರು, ನಮಗೆ ನೆಗಡಿಗೆ ಕುಡಿಯೋ ಶುಂಠಿ-ಮೆಣಸಿನ ನೀರು.
ಈಗ ಸಾರನ್ನೇ ತಗೊಳ್ಳಿ. ನಾಲ್ಕು ಜನರ ತಿಳಿಸಾರಿಗೆ ಅರ್ಧ ಬಟ್ಟಲು ತೊಗರಿಬೇಳೆ, ಸಣ್ಣ ನಿಂಬೆಹಣ್ಣಿನಷ್ಟು ಹುಣಸೆಹಣ್ಣು, ಎರಡು ಚಮಚ ಸಾರಿನಪುಡಿ, ಒಂದು ಸಣ್ಣ ಚೂರು ಬೆಲ್ಲ. ಹುಣಸೆರಸ, ಉಪ್ಪು, ಪುಡಿ ಮೊದಲು ಎಂಟು-ಹತ್ತು ನಿಮಿಷ ಕುದಿಯಬೇಕು. ಆಮೇಲೆ ಬೇಳೆಕಟ್ಟು ಸೇರಿಸಿ, ಅಂಚಿನಲ್ಲಿ ನೊರೆ ಎದ್ದ ತಕ್ಷಣ ಇಳಿಸಬೇಕು. ಪುಡಿಯನ್ನ ಕೊನೆಗೆ ಹಾಕಿದರೆ ‘ಹಸಿವಾಸನೆ’. ಬೇಳೆಕಟ್ಟು ಹಾಕಿದ ಮೇಲೆ ಬಹಳ ಹೊತ್ತು ಕುದಿಸಿದರೆ ಘಮ ಹಾರಿಹೋಗಿ ಸಾರು ಮಂದವಾಗುತ್ತೆ. ಸಾಸಿವೆ ಸಿಡಿಯೋ ಮೊದಲೇ ಒಗ್ಗರಣೆ ಇಳಿಸಿದರೆ ಕಾಳು ಹಲ್ಲಿಗೆ ಸಿಕ್ಕಾಗ ಕಹಿ, ಹೊತ್ತಿಸಿದರೂ ಕಹಿ. ರುಚಿ ಬಲ್ಲವರು ‘ಚೆನ್ನಾಗಿಲ್ಲ’ ಅನ್ನಲ್ಲ. ‘ಪುಡಿ ಹಸಿ ಇದೆ, ಉಪ್ಪು ಒಂದು ಕಲ್ಲು ಕಮ್ಮಿ’ ಅಂತಾರೆ. ಅಂಕ ಕೊಡಬೇಕಾಗಿರೋದು ಆ ಮಾತಿಗೆ.

ಗಿರ್ಮಿಟ್ಟು:
ಭಾಳ ಛಲೋ ಹೇಳಿದ್ರಿ. ಸ್ಪರ್ಧೆ ನಡಸೋದ್ರಾಗೂ ಸ್ವಲ್ಪ ಎಚ್ಚರ ಬೇಕ್ರಿ. ಐದು ಬಟ್ಟಲಕ್ಕಿಂತ ಹೆಚ್ಚು ಇಡಬ್ಯಾಡ್ರಿ, ನಾಲಿಗಿ ದಣೀತೈತಿ. ಒಂದೊಂದ್ರಾಗ ಎರಡು ಚಮಚ ಸಾಕು. ಎಲ್ಲಾ ಉಗುರುಬೆಚ್ಚಗ ಇರ್ಲಿ; ಕುದಿಯೋದು ಕೊಟ್ರ ನಾಲಿಗಿ ಸುಟ್ಟು ಮುಂದಿನ ನಾಲ್ಕೂ ಗೊತ್ತಾಗಂಗಿಲ್ಲ. ಖಾರ ಕಮ್ಮಿ ಇದ್ದದ್ದು ಮೊದಲು, ಹೆಚ್ಚು ಇದ್ದದ್ದು ಆಮ್ಯಾಲೆ, ಇಂಗು ಜೋರ ಇದ್ದದ್ದು ಕಟ್ಟಕಡೀಕ, ಯಾಕಂದ್ರ ಇಂಗಿನ ವಾಸನಿ ಬಾಯಾಗ ಉಳೀತೈತಿ. ನಡುವ ಬಾಯಿ ತೊಳಿಯಾಕ ಮಜ್ಜಿಗಿ ಕೊಡ್ರಿ, ಒಂದ್ ಚಿಟಿಕಿ ಉಪ್ಪಿಲ್ಲದ ಚುರುಮುರಿ ಕೊಡ್ರಿ. ಮೆಣಸಿನಕಾಯಿ ಖಾರ ನೀರಾಗ ಕರಗಂಗಿಲ್ಲ, ಬರೀ ನೀರು ಕುಡದ್ರ ಉರಿ ಬಾಯಿ ತುಂಬಾ ಹರಡತೈತಿ. ಸ್ಪರ್ಧೆಗೆ ಒಂದ್ ತಾಸ ಮೊದಲ ಎಲಿ-ಅಡಿಕಿ, ಕಾಫಿ ಬ್ಯಾಡ ಅಂತ ಕರಪತ್ರದಾಗ ಹಾಕ್ರಿ.

ಮಾವಿನತೋಪು:
ಎಲ್ಲರಿಗೂ ತುಂಬಾ ಧನ್ಯವಾದ. ಸಮಿತಿಯಲ್ಲಿ ಓದಿ ಹೇಳಿದ್ವಿ, ಹೀಗೆ ನಿಂತಿದೆ.
ಶೀರ್ಷಿಕೆ: ‘ನಾವು ತಿಂಡಿಪೋತರು, ನೀವೂ ಬನ್ನಿ!’
ಒಳಗೆ: ‘ಬಡಾವಣೆಯ ಅಹಾರ ಪ್ರಿಯರಿಗಾಗಿ 30 ಮಳಿಗೆಗಳು. ಬಾಡೂಟಕ್ಕೆ ಬೇರೆ ಸಾಲು ಇದೆ.’
ಬಹುಮಾನ ಪತ್ರ: ‘ರುಚಿ ಬಲ್ಲವರು – ಮೊದಲ ಬಹುಮಾನ.’
ಸ್ಪರ್ಧೆಯ ಹಾಳೆಯಲ್ಲಿ ಆರು ರುಚಿ ಕನ್ನಡದಲ್ಲೇ. ಕೆಳಗೆ ‘ದೋಷವಿದ್ದರೆ ಒಂದೇ ಮಾತಿನಲ್ಲಿ ಬರೆಯಿರಿ’ ಅಂತ ಮೂರು ಗೆರೆ ಜಾಗ.

ಕರಡು ತಿದ್ದುವವರು:
ಶೀರ್ಷಿಕೆ ತುಂಬ ಚೆನ್ನಾಗಿದೆ, ಮುಟ್ಟಬೇಡಿ. ಒಳಗಿನ ಸಾಲಿನಲ್ಲಿ ‘ಅಹಾರ’ ಅಲ್ಲ, ‘ಆಹಾರ’. ‘ಪ್ರಿಯರಿಗಾಗಿ’ಯನ್ನು ಅದಕ್ಕೆ ಸೇರಿಸಿ ‘ಆಹಾರಪ್ರಿಯರಿಗಾಗಿ’ ಎಂದು ಒಂದೇ ಪದ ಮಾಡಿ. ಫಲಕ ಬರೆಯುವವರಿಗೆ ಬಾಯಲ್ಲಿ ಹೇಳಬೇಡಿ, ಅಚ್ಚಾದ ಹಾಳೆಯನ್ನೇ ಕೈಗೆ ಕೊಡಿ.